ಟೋಪಿ ಚೀಲ ಸೇರುವ ಮುನ್ನ

2025ರ ಆಗಸ್ಟ್ ಕೊನೆಯ ವಾರ, ನ್ಯೂಯಾರ್ಕಿನ ಫ್ಲಶಿಂಗ್ ಮೆಡೋಸ್. ಯುಎಸ್ ಓಪನ್ ಟೆನಿಸ್‌ನ ಎರಡನೇ ಸುತ್ತಿನಲ್ಲಿ ಪೋಲೆಂಡಿನ ಕಮಿಲ್ ಮೈಖ್‌ಷಾಕ್ ಒಂಬತ್ತನೇ ಶ್ರೇಯಾಂಕದ ಕರೆನ್ ಖಚನೋವ್ ಅವರನ್ನು ಸೋಲಿಸಿದರು. ಸುಮ್ಮನೆ ಬಂದ ಗೆಲುವಲ್ಲ. ಮೊದಲ ಎರಡು ಸೆಟ್ ಹೋಗಿತ್ತು. ಸೋಲಿನ ಬಾಗಿಲಿಗೆ ಹೋಗಿ, ಇನ್ನೊಂದೇ ಪಾಯಿಂಟ್ ಹೋದರೆ ಪಂದ್ಯವೇ ಹೋಗುವ ಮ್ಯಾಚ್ ಪಾಯಿಂಟ್‌ಗಳಿಂದ ತಪ್ಪಿಸಿಕೊಂಡು, ಐದನೇ ಸೆಟ್ ಸಮಬಲವಾದಾಗ ಆಡಿಸುವ ಹತ್ತು ಪಾಯಿಂಟ್ ಟೈಬ್ರೇಕರ್‌ವರೆಗೆ ಎಳೆದು ಗೆದ್ದದ್ದು. ನಾಲ್ಕು ಗಂಟೆಗೂ ಮೀರಿದ ಆಟ ಮುಗಿಸಿ ಅವರು ಹೊರಗೆ ಹೊರಟಾಗ ಕಂಬಿಯ ಆಚೆಯಿಂದ ಪೆನ್ನು, ಚೆಂಡು, ಟೋಪಿ ಹಿಡಿದ ಕೈಗಳು ಚಾಚಿದ್ದವು.

ಆಮೇಲಿನದನ್ನು ಕ್ಯಾಮೆರಾ ಹಿಡಿದಿದೆ. ಆಟಗಾರ ತಮ್ಮ ತಲೆಯ ಟೋಪಿ ತೆಗೆದು ಮುಂದೆ ನಿಂತಿದ್ದ ಹುಡುಗನ ಕಡೆ ಚಾಚುತ್ತಾರೆ. ಪಕ್ಕದಲ್ಲಿದ್ದ ವಯಸ್ಕರೊಬ್ಬರ ಕೈ ನಡುವೆ ಬಂದು ಟೋಪಿ ಹಿಡಿಯುತ್ತದೆ. ಹುಡುಗ ತಿರುಗಿ ಏನೋ ಕೇಳುತ್ತಾನೆ. ಅಷ್ಟರಲ್ಲಿ ಟೋಪಿ ಪಕ್ಕದ ಮಹಿಳೆಯ ಚೀಲದೊಳಗೆ ಹೋಗಿರುತ್ತದೆ. ಆಟಗಾರನ ಮುಖ ಆಗಲೇ ಬೇರೆ ಕಡೆ. ಒಟ್ಟು ಕೆಲವೇ ಸೆಕೆಂಡು.

ಆ ತುಣುಕು ಊರೂರು ಸುತ್ತಿತು. ಟೋಪಿ ಕಸಿದವರನ್ನು ಜಗತ್ತೇ ಬೈಯಿತು. ಬೈಗುಳ ಬಿಟ್ಟು ಈ ಪ್ರಕರಣವನ್ನು ನಿಧಾನವಾಗಿ ಬಿಡಿಸಿ ನೋಡಿದರೆ, ಆಟೋಗ್ರಾಫ್ ಕೇಳುವ ರೀತಿನೀತಿಯ ಮುಕ್ಕಾಲು ಭಾಗ ಅಲ್ಲೇ ಸಿಗುತ್ತದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಟೋಪಿ ಹಿಡಿದದ್ದು ಕ್ಷಮಿಸಬಹುದಾದ ತಪ್ಪು. ಹುಡುಗ ಕೇಳಿದ ಮೇಲೂ ಅದು ಚೀಲಕ್ಕೆ ಹೋದದ್ದು ಕ್ಷಮಿಸಲಾಗದ್ದು. ಎರಡರ ನಡುವೆ ಇದ್ದದ್ದು ಮೂರ್ನಾಲ್ಕು ಸೆಕೆಂಡು ಅಷ್ಟೆ.

ಕಂಬಿಯ ಈಚೆ ನಿಂತ ಮನುಷ್ಯ

ಗೆದ್ದ ಆಟಗಾರ ಕೋರ್ಟ್ ಬಿಡುವಾಗ ಅವನ ಸ್ಥಿತಿ ಏನು ಎಂಬುದು ಪ್ರೇಕ್ಷಕರಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಹೆಗಲಿನಲ್ಲಿ ಏಳೆಂಟು ರ‍್ಯಾಕೆಟ್‌ಗಳ ಉದ್ದ ಚೀಲ. ಇನ್ನೊಂದು ಹೆಗಲಿನಲ್ಲಿ ಬಟ್ಟೆ, ಟವೆಲ್ಲಿನ ಚೀಲ. ನಿಂತರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಮೈ ತಣ್ಣಗಾಗುವ ಮುಂಚೆ ನೀರು, ಉಪ್ಪು, ಊಟ, ಮಸಾಜು ಎಲ್ಲ ಆಗಬೇಕು, ಏಕೆಂದರೆ ಒಂದು ದಿನ ಬಿಟ್ಟು ಮತ್ತೆ ಆಟ. ಪತ್ರಕರ್ತರು ಕಾದಿರುತ್ತಾರೆ. ಡೋಪಿಂಗ್ ಪರೀಕ್ಷೆಗೆ ಹೆಸರು ಬಂದಿದ್ದರೆ ಒಬ್ಬ ಸಿಬ್ಬಂದಿ ಆ ಕ್ಷಣದಿಂದ ಮಾದರಿ ಕೊಡುವವರೆಗೆ ಆಟಗಾರನನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಹಿಂದೆ ನಡೆಯುತ್ತಾನೆ. ಹೆಚ್ಚು ಹೊತ್ತು ಕಾಯಿಸುವಂತಿಲ್ಲ. ಸಹಿ ಹಾಕದೆ ಹೋದವರನ್ನು 'ಕೊಬ್ಬು' ಎನ್ನುವ ಮುಂಚೆ ಹಿಂದೆ ನಡೆದು ಹೋಗುತ್ತಿರುವವರು ಯಾರು ಎಂದು ನೋಡುವುದು ಒಳ್ಳೆಯದು.

ಇಷ್ಟರ ನಡುವೆ ಕಂಬಿಯ ಬಳಿ ಸಿಗುವುದು ಒಂದೆರಡು ನಿಮಿಷ. ಸಹಿಗೆ ಮೂರು ಸೆಕೆಂಡು ಎಂದಿಟ್ಟುಕೊಳ್ಳಿ. ವಸ್ತು ಇಸಿದುಕೊಳ್ಳಲು, ಎಲ್ಲಿ ಹಾಕಲಿ ಎಂದು ನೋಡಲು, ವಾಪಸು ಕೊಡಲು ಇನ್ನೂ ಮೂರು. ಎರಡು ನಿಮಿಷಕ್ಕೆ ಇಪ್ಪತ್ತು ಸಹಿ. ಕಂಬಿಯ ಮೇಲೆ ಚಾಚಿರುವ ಕೈ ನೂರು. ಇಂಥ ಹೊತ್ತಿನಲ್ಲಿ ಆಟಗಾರನ ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ ಕೆಲಸ ಮಾಡುತ್ತಿರುತ್ತದೆ. ಟೋಪಿ ಯಾರ ಕೈ ಸೇರಿತು ಎಂದು ಮೈಖ್‌ಷಾಕ್ ನೋಡಲಿಲ್ಲ. ಗಡಿಬಿಡಿಯಲ್ಲಿ, ದಣಿವಿನಲ್ಲಿ ಗಮನಿಸಲಿಲ್ಲ ಎಂದು ಅವರೇ ಆಮೇಲೆ ಒಪ್ಪಿಕೊಂಡರು.

ಎಸೆದದ್ದು ಬೇರೆ, ಕೊಟ್ಟದ್ದು ಬೇರೆ

ಟೆನಿಸ್‌ನಲ್ಲಿ ಪ್ರೇಕ್ಷಕರಿಗೆ ವಸ್ತು ಎರಡು ಬಗೆಯಲ್ಲಿ ಸಿಗುತ್ತದೆ. ದೊಡ್ಡ ಕೋರ್ಟುಗಳಲ್ಲಿ ಗೆದ್ದವರು ಸಹಿ ಹಾಕಿದ ಚೆಂಡುಗಳನ್ನು ರ‍್ಯಾಕೆಟ್‌ನಿಂದ ಗ್ಯಾಲರಿಗೆ ಹೊಡೆಯುತ್ತಾರೆ. ಅದು ಹಿಡಿದವರದ್ದು. ಮುಂದಿನ ಸಾಲಿನಲ್ಲಿ ಮಗುವಿದ್ದರೆ ಹಿರಿಯರು ಕೈ ಹಿಂದಕ್ಕೆ ತೆಗೆದುಕೊಳ್ಳುವುದು ರೂಢಿ, ಕಡ್ಡಾಯವೇನಲ್ಲ. ಮಣಿಕಟ್ಟಿನ ಬ್ಯಾಂಡು, ಟವೆಲ್ಲು ಎಸೆದಾಗಲೂ ಅದೇ ಲೆಕ್ಕ. ಇನ್ನೊಂದು, ಕೈಯಿಂದ ಕೈಗೆ ಕೊಡುವುದು. ಇಲ್ಲಿ ಹಿಡಿದವರ ಹಕ್ಕು ನಡೆಯುವುದಿಲ್ಲ. ಕೊಡುವವರ ಕಣ್ಣು ಯಾರ ಮೇಲಿತ್ತೋ ಅವರದ್ದು.

ನ್ಯೂಯಾರ್ಕಿನಲ್ಲಿ ಗೊಂದಲವಾದದ್ದು ಈ ಎರಡನೆಯ ಬಗೆಯಲ್ಲಿ. ಕಂಬಿಯ ಬಳಿ ಭುಜಕ್ಕೆ ಭುಜ ತಾಗುವಂತೆ ನಿಂತಿರುತ್ತಾರೆ. ಹುಡುಗನ ತಲೆ ವಯಸ್ಕರ ಎದೆಮಟ್ಟಕ್ಕೆ ಬರುತ್ತದೆ. ಹುಡುಗನ ಕಡೆ ಬರುವ ವಸ್ತು ಪಕ್ಕದವರ ಮುಂಗೈ ದಾಟಿಯೇ ಬರಬೇಕು. ಉದ್ದ ಕೈಯವರಿಗೆ ಅದು ತಮಗೇ ಬಂದಂತೆ ತೋರುವುದು ಅಸಂಭವವೇನಲ್ಲ. ಟೋಪಿ ತೆಗೆದುಕೊಂಡವರು ಕೆಲ ದಿನಗಳ ನಂತರ ಕ್ಷಮೆ ಕೇಳುತ್ತ ಹೇಳಿದ್ದೂ ಇದನ್ನೇ: ಮೊದಲೇ ಸಹಿ ಕೇಳಿದ್ದ ತಮ್ಮ ಮಕ್ಕಳಿಗೆಂದು ಆಟಗಾರ ತಮ್ಮ ಕೈಗೇ ಕೊಡುತ್ತಿದ್ದಾರೆ ಎಂದು ಭಾವಿಸಿದ್ದರಂತೆ. ಹಾಗೆಯೇ ಇದ್ದಿರಬಹುದು ಎಂದಿಟ್ಟುಕೊಳ್ಳೋಣ. ಇಟ್ಟುಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹುಡುಗ ತಿರುಗಿ ಕೇಳಿದಾಗ ಕೈ ಏಕೆ ನಿಲ್ಲಲಿಲ್ಲ?

ಆ ಹೊತ್ತಿನಲ್ಲಿ ಮಾಡಬೇಕಾದ್ದು ಸಣ್ಣ ಕೆಲಸ. ವಸ್ತುವನ್ನು ಎಲ್ಲರಿಗೂ ಕಾಣುವಂತೆ ಮೇಲೆ ಎತ್ತಿ ಹಿಡಿಯುವುದು, ಆಟಗಾರನ ಕಡೆ ನೋಡಿ 'ಇದು ಇವನಿಗಾ?' ಎಂದು ಕೈ ತೋರಿಸುವುದು. ಗದ್ದಲದಲ್ಲಿ ಮಾತು ಕೇಳಿಸದಿದ್ದರೂ ಬೆರಳು ತೋರಿಸಿದ್ದು ಕಾಣುತ್ತದೆ. ಆಟಗಾರ ಮುಂದೆ ಹೋಗಿಬಿಟ್ಟಿದ್ದರೆ ಕಂಬಿಯ ಪಕ್ಕ ನಿಂತ ಭದ್ರತಾ ಸಿಬ್ಬಂದಿಯನ್ನು ಕೇಳಬಹುದು. ಅವರ ಕಣ್ಣು ಇರುವುದೇ ಕೈಗಳ ಮೇಲೆ. ಅವರೂ ಗೊತ್ತಿಲ್ಲವೆಂದರೆ ಚಿಕ್ಕವರಿಗೆ ಬಿಟ್ಟುಕೊಡುವುದು. ಚೀಲದ ಜಿಪ್ಪು ಎಳೆಯುವ ಮುಂಚೆ ಇಷ್ಟೂ ಮಾಡಿ ಮುಗಿಸಬಹುದು. ಚೀಲದೊಳಗೆ ಹೋದ ವಸ್ತುವನ್ನು ಮತ್ತೆ ಹೊರಗೆ ತೆಗೆಯುವುದು ಮನುಷ್ಯನಿಗೆ ಕಷ್ಟ, ತೆಗೆದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದಲ್ಲ. ಆದ್ದರಿಂದ ಕಂಬಿಯ ಬಳಿ ಇರುವಷ್ಟು ಹೊತ್ತು, ಸಿಕ್ಕಿದ್ದನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು.

ಹುಡುಗನ ಕಡೆಯಿಂದ ಏನಾದರೂ ಆಗಬಹುದಿತ್ತೇ? ಅವನದು ತಪ್ಪಿಲ್ಲ. ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಒಂದು ಅಭ್ಯಾಸ ಮಾಡಿಸಬಹುದು: ಎರಡೂ ಕೈ ಚಾಚಿ, ಬೊಗಸೆ ಒಡ್ಡಿದ ಹಾಗೆ ಹಿಡಿಯುವುದು. ಒಂದು ಕೈಯಲ್ಲಿ ಮೊಬೈಲು ಹಿಡಿದು ವಿಡಿಯೊ ಮಾಡುತ್ತ ಇನ್ನೊಂದನ್ನು ಚಾಚಿದರೆ ಬಂದದ್ದು ಜಾರುತ್ತದೆ. ಹೆತ್ತವರು ಮಗುವಿನ ಪಕ್ಕದಲ್ಲಲ್ಲ, ಬೆನ್ನ ಹಿಂದೆ ನಿಲ್ಲಬೇಕು. ಹಿಂದೆ ನಿಂತವರ ಎರಡು ತೋಳು ಮಗುವಿನ ಎರಡೂ ಬದಿಯಲ್ಲಿ ಕಂಬಿ ಹಿಡಿದರೆ ಪಕ್ಕದಿಂದ ಬರುವ ನೂಕು ಅಲ್ಲೇ ತಡೆಯುತ್ತದೆ, ಅಡ್ಡ ಬರುವ ಕೈಯೂ ತಡೆಯುತ್ತದೆ.

ರೋಮಿನ ನೀರಿನ ಬಾಟಲಿ

ಇದಕ್ಕೂ ಸುಮಾರು ಹದಿನೈದು ತಿಂಗಳ ಹಿಂದೆ, 2024ರ ಮೇ 10ರಂದು, ಇಟಾಲಿಯನ್ ಓಪನ್‌ನಲ್ಲಿ ಕೊರೆಂಟಿನ್ ಮುಟೆ ವಿರುದ್ಧ ಗೆದ್ದ ನೊವಾಕ್ ಜೊಕೊವಿಚ್ ಹೊರಗೆ ಹೋಗುತ್ತ ಸಹಿ ಹಾಕುತ್ತಿದ್ದರು. ಮೇಲಿನಿಂದ ಬಗ್ಗಿದ ಅಭಿಮಾನಿಯೊಬ್ಬರ ಬೆನ್ನುಚೀಲದ ಪಕ್ಕದ ಜೇಬಿನಿಂದ ನೀರಿನ ಬಾಟಲಿ ಜಾರಿ ನೇರ ಅವರ ತಲೆಗೆ ಬಿತ್ತು. ತಲೆ ಹಿಡಿದು ನೆಲಕ್ಕೆ ಕುಸಿದರು, ರಕ್ತ ಬಂತು. ಬೇಕೆಂದು ಎಸೆದದ್ದಲ್ಲ ಎಂಬುದು ವಿಡಿಯೊದಲ್ಲಿ ಸ್ಪಷ್ಟವಾಗಿತ್ತು. ಮರುದಿನ ಜೊಕೊವಿಚ್ ಸೈಕಲ್ ಹೆಲ್ಮೆಟ್ ಹಾಕಿಕೊಂಡು ಬಂದು ಅಭಿಮಾನಿಗಳನ್ನು ನಗಿಸಿದರು. ಅದರ ಮರುದಿನದ ಆಟದಲ್ಲಿ ಮಾತ್ರ ಸೋತರು.

ಎರಡೂ ಕಡೆ ಕೆಟ್ಟದ್ದು ಕಂಬಿ ಮತ್ತು ಚೀಲ ಸೇರಿದಲ್ಲಿ. ಮೇಲಿನಿಂದ ಬಗ್ಗಿ ಸಹಿ ಕೇಳುವ ಜಾಗವಾದರೆ ಬೆನ್ನುಚೀಲ ಕಾಲ ಬಳಿ ಇರಬೇಕು, ಬಾಟಲಿ ಒಳಗಿರಬೇಕು, ಮೊಬೈಲಿಗೆ ಮಣಿಕಟ್ಟಿನ ದಾರ ಇರಬೇಕು. ಅಂಗಿಯ ಜೇಬಿನ ಪೆನ್ನು, ತಲೆಯ ಮೇಲೆ ಏರಿಸಿಕೊಂಡ ಕನ್ನಡಕ ಕೂಡ ಬಗ್ಗಿದಾಗ ಬೀಳುತ್ತವೆ. ಆಟಗಾರನ ಚೀಲದ ವಿಷಯವೂ ಇದೆ. 2025ರ ಅದೇ ಯುಎಸ್ ಓಪನ್‌ನಲ್ಲಿ ಯಾನಿಕ್ ಸಿನ್ನರ್ ಸಹಿ ಹಾಕುತ್ತಿದ್ದಾಗ ಒಬ್ಬ ಪ್ರೇಕ್ಷಕ ಅವರ ಹೆಗಲ ಚೀಲದ ಜಿಪ್ಪಿಗೆ ಕೈ ಹಾಕಿದ, ಸಿಬ್ಬಂದಿ ತಳ್ಳಬೇಕಾಯಿತು. ಇಂಥವು ಒಂದೆರಡು ನಡೆದರೆ ಸಾಕು, ಮುಂದಿನ ದಿನದಿಂದ ಆಟಗಾರ ಕಂಬಿಯಿಂದ ಎರಡು ಹೆಜ್ಜೆ ದೂರ ನಡೆಯುತ್ತಾನೆ. ನಷ್ಟ ಯಾರಿಗೆ ಎಂದು ಹೇಳಬೇಕಿಲ್ಲ.

ಪೆನ್ನು, ಬಟ್ಟೆ, ಬೆವರು

ಆ ಟೋಪಿಯನ್ನೇ ಮತ್ತೆ ಹತ್ತಿರದಿಂದ ನೋಡೋಣ. ನಾಲ್ಕು ಗಂಟೆ ತಲೆಯ ಮೇಲಿದ್ದ ಟೋಪಿ ಹಿಂಡಿದರೆ ನೀರು ಬರುವಷ್ಟು ನೆನೆದಿರುತ್ತದೆ. ಅದರ ಮೇಲೆ ಆ ಕ್ಷಣದಲ್ಲೇ ಸಹಿ ಕೇಳುವುದು ದಡ್ಡತನ. ಪರ್ಮನೆಂಟ್ ಮಾರ್ಕರಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿದ ಬಣ್ಣ. ಒದ್ದೆ ಬಟ್ಟೆಯ ನೂಲಿನಗುಂಟ ಅದು ಹರಡಿ, ಸಹಿ ಹೋಗಿ ಕಲೆಯಾಗುತ್ತದೆ. ಆಟಗಾರ ತೊಟ್ಟ ವಸ್ತು ಸಿಕ್ಕರೆ ಸಹಿಯ ಆಸೆ ಬಿಟ್ಟು, ನೆರಳಿನಲ್ಲಿ ಗಾಳಿಗೆ ಒಣಗಿಸಿ ಹಾಗೆಯೇ ಇಡುವುದು ಲೇಸು. ವಾಷಿಂಗ್ ಮಷಿನ್ನಿಗೆ ಹಾಕಿದರೆ ಉಪ್ಪಿನ ಬಿಳಿ ಗೆರೆ ಹೋಗುತ್ತದೆ. ಸಂಗ್ರಹಿಸುವವರ ಪಾಲಿಗೆ ಆ ಗೆರೆಯೇ ಸಾಕ್ಷಿ.

ತಾವೇ ಒಯ್ದ ಒಣ ಟೋಪಿಗೆ ಸಹಿ ಬೇಕಾದರೆ ಗಟ್ಟಿಯಾಗಿರುವ ಮುಂದಿನ ಅಂಚನ್ನೇ ಮುಂದೆ ಮಾಡಬೇಕು. ಮೆತ್ತನೆಯ ಭಾಗದಲ್ಲಿ ಪೆನ್ನು ಒಳಗೆ ಇಳಿದು ಗೀರು ಅಡ್ಡಾದಿಡ್ಡಿಯಾಗುತ್ತದೆ, ಬೇಕೇ ಬೇಕೆಂದರೆ ಟೋಪಿಯ ಒಳಗೆ ಮುಷ್ಟಿ ತುರುಕಿ ಹಿಡಿಯಬೇಕು. ಕಪ್ಪು ಅಥವಾ ಕಡುನೀಲಿ ಟೋಪಿಗೆ ಕಪ್ಪು ಮಾರ್ಕರ್ ಒಯ್ಯುವವರು ಇಂದಿಗೂ ಇದ್ದಾರೆ! ಅದಕ್ಕೆ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್ ಬೇಕು. ಅದು ಅಂಗಡಿಯಿಂದ ತಂದ ಕೂಡಲೇ ಬರೆಯುವುದಿಲ್ಲ. ಚೆನ್ನಾಗಿ ಕುಲುಕಿ, ತುದಿಯನ್ನು ರದ್ದಿ ಕಾಗದದ ಮೇಲೆ ಒತ್ತಿ ಒತ್ತಿ ಬಣ್ಣ ಇಳಿಸಿಕೊಳ್ಳಬೇಕು. ಈ ಕೆಲಸ ಮನೆಯಲ್ಲಿ ಆಗದಿದ್ದರೆ ಆಟಗಾರನ ಕೈಯಲ್ಲಿ ಆಗುತ್ತದೆ, ದಪ್ಪ ಹನಿಯೊಂದು ಟೋಪಿಯ ಮೇಲೋ ಅವರ ಬಿಳಿ ಶೂ ಮೇಲೋ ಬೀಳುತ್ತದೆ.

ಟೆನಿಸ್ ಚೆಂಡು ಸಹಿಗೆ ಕಷ್ಟದ ವಸ್ತು. ಅಡ್ಡಳತೆ ಏಳು ಸೆಂಟಿಮೀಟರ್ ಕೂಡ ಇಲ್ಲ, ಮೇಲೆ ನವಿರು ಕೂದಲಿನಂಥ ಬಟ್ಟೆ. ಸಣ್ಣ ತುದಿಯ ಪೆನ್ನು ನವಿರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅಗಲ ತುದಿಯದು ಬೇಕು. ದೊಡ್ಡ ಟೂರ್ನಿಗಳಲ್ಲಿ ಫುಟ್‌ಬಾಲ್ ಗಾತ್ರದ ಉಬ್ಬಿದ ಚೆಂಡು ಮಾರುವುದು ಇದೇ ಕಾರಣಕ್ಕೆ. ಆದರೆ ಅದನ್ನು ಆಟಗಾರನ ಕೈಗೆ ಕೊಟ್ಟುಬಿಡಬಾರದು. ಚೀಲ ಹೊತ್ತ ಕೈಯಲ್ಲಿ ಅದು ನಿಲ್ಲುವುದಿಲ್ಲ. ತಾವೇ ಎರಡೂ ಕೈಯಲ್ಲಿ ಬಿಗಿಹಿಡಿದು ಖಾಲಿ ಜಾಗ ಮೇಲೆ ಬರುವಂತೆ ಒಡ್ಡಬೇಕು. ಬಿಡಿ ಹಾಳೆಯಾದರೆ ಕೆಳಗೆ ಒಂದು ಎಕ್ಸಾಂ ಪ್ಯಾಡ್ ಇರಲಿ. ನುಣುಪಾದ ಫೋಟೊ ಆದರೆ ಮುಂಚಿನ ದಿನವೇ ಚಿಟಿಕೆ ಪೌಡರ್ ಸವರಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿಟ್ಟರೆ ಬೆರಳಿನ ಜಿಡ್ಡು ಹೋಗಿ ಶಾಯಿ ಕೂರುತ್ತದೆ. ಜೆರ್ಸಿಯನ್ನು ರಟ್ಟಿನ ಮೇಲೆ ಎಳೆದು ಕ್ಲಿಪ್ ಹಾಕಿಡಬೇಕು.

ಕ್ರಿಕೆಟ್ ಬ್ಯಾಟಿನ ಎಡವಟ್ಟೇ ಬೇರೆ. ಅಗಸೆ ಎಣ್ಣೆ ಹಚ್ಚಿ ಇನ್ನೂ ಹೀರಿಕೊಳ್ಳದ ಮರದ ಮೇಲೆ ಶಾಯಿ ನಿಲ್ಲುವುದಿಲ್ಲ. ಮುಂಭಾಗಕ್ಕೆ ಅಂಟಿಸಿದ ಪಾರದರ್ಶಕ ಹಾಳೆಯ ಮೇಲೆ ಹಾಕಿಸಿದರೆ ಕೈ ತೊಳೆಯುವ ಸ್ಯಾನಿಟೈಜರ್ ತಾಗಿದರೂ ಅಳಿಸುತ್ತದೆ, ಹಾಳೆ ಕಿತ್ತುಬಂದ ದಿನ ಸಹಿಯೂ ಅದರ ಜೊತೆ ಹೋಗುತ್ತದೆ. ಎಣ್ಣೆ ಕಾಣದ ಬರಿ ಮರವೇ ಒಳ್ಳೆಯದು.

ಪೆನ್ನು ಕೊಡುವ ಬಗೆ ಚಾಕು ಕೊಡುವ ಬಗೆಯೇ: ಮುಚ್ಚಳ ತೆಗೆದು, ತುದಿ ತಮ್ಮ ಕಡೆ, ಹಿಂಭಾಗ ಅವರ ಕಡೆ. ಮುಚ್ಚಳವನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕು. ಬಿಸಿಲಿನಲ್ಲಿ ಮುಚ್ಚಳ ತೆಗೆದು ಅರ್ಧ ಗಂಟೆ ಕಾದವರ ಮಾರ್ಕರ್ ತಮ್ಮ ಸರದಿ ಬಂದಾಗ ಒಣಗಿರುತ್ತದೆ. ಎರಡನೆಯದೊಂದು ಜೇಬಿನಲ್ಲಿರಲಿ. ಹಾಗೆಯೇ ಆಟಗಾರ ನಮ್ಮ ಪೆನ್ನಿನಲ್ಲೇ ಪಕ್ಕದ ಐದು ಜನಕ್ಕೆ ಸಹಿ ಹಾಕಿದರೆ ತಗಾದೆ ತೆಗೆಯಬಾರದು. ಕಂಬಿಯ ಮೇಲೆ ಪೆನ್ನು ಊರ ಹೋರಿಯಂತೆ, ಯಾರೊಬ್ಬರದ್ದೂ ಅಲ್ಲ.

ಯಾವಾಗ, ಹೇಗೆ ಕೇಳುವುದು

ಹೊತ್ತು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಪಂದ್ಯದ ಮುಂಚೆ ಕೇಳಬಾರದು, ಕಿವಿಗೆ ಹೆಡ್‌ಫೋನ್ ಹಾಕಿ ತಲೆ ತಗ್ಗಿಸಿ ನಡೆಯುವವರ ಮನಸ್ಸು ಅಲ್ಲಿರುವುದಿಲ್ಲ. ಸೋತ ಮೇಲೆ ಕೇಳಬಾರದು, ಅವರಾಗಿ ನಿಂತರೆ ಮಾತು ಬೇರೆ. ಊಟದ ತಟ್ಟೆಯ ಮುಂದೆ, ಮಕ್ಕಳ ಜೊತೆ ಇದ್ದಾಗ, ಫಿಸಿಯೊ ಬಳಿ ಕಾಲು ಚಾಚಿ ಕೂತಾಗ ಬೇಡವೇ ಬೇಡ. ಎಲ್ಲಕ್ಕಿಂತ ಒಳ್ಳೆಯದು ಅಭ್ಯಾಸ ಮುಗಿಸಿ ಹೊರಡುವ ಹೊತ್ತು. ಜನ ಕಡಿಮೆ, ಒತ್ತಡ ಕಡಿಮೆ, ಆಟಗಾರ ನಗುವ ಹೊತ್ತೂ ಅದೇ. ಡಬಲ್ಸ್ ಆಟಗಾರರ ಬಳಿ ಸಾಲು ಇನ್ನೂ ಚಿಕ್ಕದು. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ 2024ರ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಡಬಲ್ಸ್‌ನಲ್ಲಿ ಎಂಬುದನ್ನು ಮರೆತು ಸಿಂಗಲ್ಸ್ ತಾರೆಯರ ಹಿಂದೆಯೇ ಓಡುವವರು ಒಳ್ಳೆಯ ಅವಕಾಶ ಕಳೆದುಕೊಳ್ಳುತ್ತಾರೆ.

ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ಬೆಂಗಳೂರು ಓಪನ್ ನಡೆಯುವಾಗ ಈ ಮಾತು ನೇರವಾಗಿ ನಮಗೆ ಅನ್ವಯಿಸುತ್ತದೆ. ಮೈಖ್‌ಷಾಕ್‌ರಂಥ ಆಟಗಾರರು ವರ್ಷಗಟ್ಟಲೆ ಬೆಳೆಯುವುದು ದೊಡ್ಡ ಟೂರ್ನಿಗಳಿಗಿಂತ ಕೆಳಗಿನ ಹಂತದ ಇಂಥ ಚಾಲೆಂಜರ್ ಟೂರ್ನಿಗಳಲ್ಲೇ. ಅಲ್ಲಿ ಆಟಗಾರ ಮತ್ತು ಪ್ರೇಕ್ಷಕರ ನಡುವೆ ಅಂತರ ಬಹಳ ಕಡಿಮೆ. ಕಡಿಮೆ ಇದೆ ಎಂದೇ ಸಲುಗೆ ಹೆಚ್ಚಾಗುವ ಅಪಾಯವೂ ಇದೆ. ಚಿನ್ನಸ್ವಾಮಿಯ ಗ್ಯಾಲರಿಯಿಂದ 'ಲೋ, ಇಲ್ಲಿ ನೋಡೋ' ಎಂದು ಕೂಗುವುದು ನಮ್ಮವರಿಗೆ ಪ್ರೀತಿಯ ಮಾತು, ನೂರಾರು ದನಿಗಳ ನಡುವೆ ಅದು ನಡೆದೂ ಹೋಗುತ್ತದೆ. ಎರಡು ಅಡಿ ದೂರದಲ್ಲಿ ನಿಂತು ಅದೇ ಏಕವಚನ ಬಳಸಿದರೆ, ಕನ್ನಡ ಬಲ್ಲ ಆಟಗಾರ ತಿರುಗಿಯೂ ನೋಡುವುದಿಲ್ಲ. 'ಸರ್, ಆಟ ಚೆನ್ನಾಗಿತ್ತು, ಒಂದು ಸಹಿ ಹಾಕ್ತೀರಾ?' ಇಷ್ಟು ಸಾಕು. ಕಿರಿಯ ಆಟಗಾರರಾದರೂ 'ಸರ್', 'ಮೇಡಂ' ತಪ್ಪಿಸಬೇಡಿ, ಮಕ್ಕಳು 'ಅಣ್ಣ', 'ಅಕ್ಕ' ಅಂದರೆ ಅದೂ ಚೆಂದವೇ. ವಿದೇಶಿ ಆಟಗಾರನಾದರೆ ಹೆಸರು ಸರಿಯಾಗಿ ಉಚ್ಚರಿಸಲು ಮುಂಚೆಯೇ ಕಲಿತಿರಬೇಕು. Majchrzak ಎಂಬ ಅಕ್ಷರ ನೋಡಿ 'ಮಜ್‌ಚರ್ಜಾಕ್' ಎಂದು ಕೂಗಿದರೆ ಮೈಖ್‌ಷಾಕ್ ತಿರುಗುವುದು ಹೇಗೆ?

ಒಬ್ಬರಿಗೆ ಒಂದೇ ವಸ್ತು. ಮೂರು ಫೋಟೊ, ಎರಡು ಚೆಂಡು ಮುಂದಿಟ್ಟರೆ ಮಾರಾಟಕ್ಕೆಂದು ಆಟಗಾರನಿಗೆ ತಕ್ಷಣ ಗೊತ್ತಾಗುತ್ತದೆ. 'ಯಾರ ಹೆಸರಿಗೆ?' ಎಂದು ಅವರು ಕೇಳುವುದು ಬರಿ ಸೌಜನ್ಯಕ್ಕಲ್ಲ. ಹೆಸರು ಬರೆದ ವಸ್ತುವಿಗೆ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ, ವ್ಯಾಪಾರಿ ಹಿಂಜರಿಯುತ್ತಾನೆ, ಅಭಿಮಾನಿ ಖುಷಿಪಡುತ್ತಾನೆ. ಆ ಪ್ರಶ್ನೆಗೆ ತಡವರಿಸದೆ ಉತ್ತರಿಸಲು ಹೆಸರನ್ನು ಇಂಗ್ಲಿಷಿನಲ್ಲಿ ದೊಡ್ಡದಾಗಿ ಚೀಟಿಯಲ್ಲಿ ಬರೆದು ವಸ್ತುವಿಗೆ ಕ್ಲಿಪ್ ಮಾಡಿಡಬಹುದು. ಸಹಿಯೋ ಸೆಲ್ಫಿಯೋ, ಎರಡರಲ್ಲಿ ಒಂದು. ಸಿಕ್ಕ ಕೂಡಲೇ ಕಂಬಿ ಬಿಟ್ಟು ಹಿಂದಕ್ಕೆ ಸರಿದು ಹಿಂದಿನವರಿಗೆ ಜಾಗ ಕೊಡಬೇಕು. ಹಿಂದಿನವರು ಒತ್ತುವುದು ನಿಲ್ಲುವುದೇ ಮುಂದಿನವರು ಸರಿಯುತ್ತಾರೆ ಎಂಬ ನಂಬಿಕೆ ಬಂದಾಗ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತದಲ್ಲಿ ಸತ್ತ ಮೇಲೆ, ನೂಕುವ ಗುಂಪು ಕಂಡರೆ ಮಗುವನ್ನು ಎತ್ತಿಕೊಂಡು ಹೊರಬರಬೇಕೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಆದದ್ದು

ತುಣುಕು ಹರಡಿದ ಮೇಲೆ ಮೈಖ್‌ಷಾಕ್ ಮಾಡಿದ್ದು ಸರಿಯಾದ ಕೆಲಸ, ಅದೂ ಸರಿಯಾದ ಕ್ರಮದಲ್ಲಿ. ಟೋಪಿ ಹುಡುಗನಿಗೆಂದೇ ಕೊಟ್ಟದ್ದು ಎಂದು ಹೇಳಿದರು. ತೆಗೆದುಕೊಂಡವರ ಮೇಲೆ ಜನರನ್ನು ಛೂ ಬಿಡಲಿಲ್ಲ, ಆ ಹುಡುಗನನ್ನು ಹುಡುಕಿಕೊಡಿ ಎಂದು ಇನ್‌ಸ್ಟಾಗ್ರಾಂನಲ್ಲಿ ಕೇಳಿದರು. ಬಹಳ ಹೊತ್ತು ಬೇಕಾಗಲಿಲ್ಲ.

ಜನ ಮಾತ್ರ ಬೇರೆಯೇ ದಾರಿ ಹಿಡಿದರು. ಟೋಪಿ ತೆಗೆದುಕೊಂಡವರ ಹೆಸರು, ಕಸುಬು, ಮನೆಮಂದಿಯ ವಿವರವೆಲ್ಲ ಎಳೆದು ಹೊರಹಾಕಿದರು. ಅವರ ಬಾಯಲ್ಲಿ ಬಂದದ್ದೆಂದು ಅವರು ಹೇಳದ ಸೊಕ್ಕಿನ ಮಾತುಗಳೂ ಹರಿದಾಡಿದವು. ನಿಜವಾದ ಕ್ಷಮೆ ಬರುವ ಹೊತ್ತಿಗೆ ಅದನ್ನು ಓದುವ ತಾಳ್ಮೆ ಬಹಳ ಮಂದಿಗೆ ಉಳಿದಿರಲಿಲ್ಲ. ಒಂದು ಟೋಪಿಗೆ ಇಷ್ಟು ಶಿಕ್ಷೆ ಹೆಚ್ಚಾಯಿತು ಎಂಬುದು ನಮ್ಮ ಅನಿಸಿಕೆ. ಹಾಗೆಂದು ಕ್ಷಮೆ ತಡವಾಗಿ ಬಂದದ್ದನ್ನೂ ಮುಚ್ಚಿಡಲಾಗದು. ಮೊದಲ ದಿನವೇ ಟೋಪಿ ಹುಡುಗನ ಮನೆ ತಲುಪಿದ್ದರೆ ಕಥೆಗೆ ಅಷ್ಟು ಉದ್ದದ ಬಾಲ ಬೆಳೆಯುತ್ತಿರಲಿಲ್ಲ.

ಮೂರನೇ ಸುತ್ತಿನಲ್ಲಿ ಮೈಖ್‌ಷಾಕ್ ಗಾಯದಿಂದ ಆಟ ಅರ್ಧಕ್ಕೇ ಬಿಟ್ಟರು. ಖಚನೋವ್ ವಿರುದ್ಧ ಗೆದ್ದ ದೇಹ ಅಷ್ಟಕ್ಕೇ ಸುಸ್ತಾಗಿತ್ತು. ಅದೇ ಶನಿವಾರ ಅವರು ಆ ಹುಡುಗನನ್ನು ಭೇಟಿಯಾಗಿ ಟೋಪಿಯೊಂದನ್ನು, ಇನ್ನಷ್ಟು ಉಡುಗೊರೆಗಳ ಜೊತೆ, ತಮ್ಮ ಕೈಯಾರೆ ಕೊಟ್ಟರು. ಈ ಸಲ ನಡುವೆ ಕಂಬಿ ಇರಲಿಲ್ಲ.